ಕಪ್ಪು ಪರದೆಯ ಮೇಲೆ ಕೌಸಲ್ಯಾ

ಪರದೆಯ ತುಂಬ ಕತ್ತಲೆ. ಮೂಲೆಯಲ್ಲಿ ಮಾತ್ರ ಹಸಿರು ಅಕ್ಷರಗಳು.

KAUSALYA. KOLE 3.

ಕಂಪ್ಯೂಟರ್ ಕೋಣೆಗೆ ಇಣುಕಲು ಬಂದಿದ್ದ ಕೌಸಲ್ಯಾ ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಹೆಸರು... ಪಕ್ಕದಲ್ಲೇ ಕೊಲೆ!

"ಯಾರನ್ನ ಕೇಳಿ ಒಳಗ ಬಂದ್ರಿ?"

ಬೆನ್ನ ಹಿಂದೆ ಅಣವೀರಪ್ಪ! ಅವಳು ಕೆಲಸ ಮಾಡುವ ದಾದರಿನ ಆಫೀಸಿಗೆ ಬಿಜಾಪುರದಿಂದ ಬಂದ ಹೊಸ ಎಂಜಿನಿಯರ್. ಅಲ್ಲಿ ಕನ್ನಡ ಬಲ್ಲವರು ಇವರಿಬ್ಬರೇ. ಇಸವಿ ೧೯೯೩, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಹೊಸ ವ್ಯವಸ್ಥೆ ಏನೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಇವನು ಫ್ಲಾಪಿಗಳ ರಾಶಿ ತಂದು ಅದನ್ನು ಕಂಪ್ಯೂಟರಿಗೆ ತುಂಬಿದ್ದ. ಚಿತ್ರವಿಲ್ಲ, ಬಣ್ಣವಿಲ್ಲ, ಬೋಳು ಪರದೆ, ಯಂತ್ರದ ಒಳಗಿನ ಸಮಾಚಾರ ಹೇಳುವ ನಾಲ್ಕು ಸಾಲು, ಅಷ್ಟೇ. ಮನುಷ್ಯನೂ ಹಾಗೇ ಬಿಡಿ, ಮಾತಿಲ್ಲ ಕತೆಯಿಲ್ಲ!

ಮರುದಿನ KOLE 7. ಆಮೇಲೆ 12.

ಸಂಜೆ ಲೋಕಲ್ ಹತ್ತಿದರೆ ಲೇಡೀಸ್ ಡಬ್ಬಿಯ ಪಕ್ಕದ ಬಾಗಿಲಲ್ಲಿ ಅವನೇ ನಿಂತಿದ್ದ. ಮುಲುಂಡಿನಲ್ಲಿ ಇಳಿದಳು. ಅವನೂ ಇಳಿದ! ತಿರುಗಿ ನೋಡಿದರೆ ಕಂಬದ ಮರೆಗೆ ಸರಿದ.

ಅಯ್ಯೋ ದೇವರೇ... ನಾನು ಕದ್ದು ಕದ್ದು ನೋಡುತ್ತಿದ್ದುದು ಇವನನ್ನೇ ಅಲ್ಲವೇ?

ಅವಳು ರಾಜೀನಾಮೆ ಬರೆದಳು. ಮೈಸೂರಿನ ಚಿಕ್ಕಮ್ಮನ ಮನೆಗೆ ಹೋಗಿಬಿಡುವುದು, ಮತ್ತೆ ಈ ಮುಖ ನೋಡುವುದೇ ಬೇಡ. ಆದರೆ ಒಮ್ಮೆ ಕೇಳದೆ ಹೋದರೆ ಜೀವಮಾನವೆಲ್ಲ ನಿದ್ದೆ ಬರುವುದಿಲ್ಲ. ನೇರ ಅವನ ಕೋಣೆಗೆ ನುಗ್ಗಿದಳು.

"ನನ್ನ ಕೊಲೆ ಯಾವತ್ತು? ಹೇಳಿಬಿಡಿ!"

ಅಣವೀರಪ್ಪ ಬಿಳಿಚಿಕೊಂಡ. ಪರದೆ ನೋಡಿದ, ಅವಳನ್ನು ನೋಡಿದ.

"ಅಯ್ಯಯ್ಯ! ಅದು ಕೊಳೆ ರೀ... ಕೊಳೆ! ನೀವು ಅಳಿಸದ ಬಿಟ್ಟ ಕಸದ ಫೈಲು ಎಷ್ಟದಾವ ಅಂತ ಲೆಕ್ಕ. ಹೆಚ್ಚಾದ್ರ ನಿಮ್ಮ ಕೆಲಸ ನಿಂದರತದ. ದಿನಾ ಗುಡಸ್ತೀನಿ, ಮರುದಿನ ಇನ್ನೂ ಜಾಸ್ತಿ ಬೀಳತಾವ."

"ಲೋಕಲ್ಲಿನಲ್ಲಿ ಹಿಂದೆ ಬಂದಿದ್ದು?"

"ನಿಮ್ಮ ಮಾರಿ ಸಪ್ಪಗಿತ್ತು. ಎಲ್ಲೆ ತಲಿ ತಿರುಗಿ ಬೀಳತೀರೋ ಅಂತ..."

ಅವಳ ಕಣ್ಣು ತುಂಬಿತು. "ಕೊಳೆ ಅಂತ ಯಾಕ್ರೀ ಬರೆದ್ರಿ? ನಿಮ್ಮ ಕಡೆ ಹೊಲಸು ಅಂತಾರಲ್ಲ?"

"ನಿಮ್ಮ ಹೆಸರಿನ ಬಾಜೂಕ ಹೊಲಸು ಅಂತ ಬರಿಯಾಕ ಕೈ ಬರಲಿಲ್ರಿ. ಮೈಸೂರು ಕನ್ನಡ ಹುಡುಕಿ ಬರದೆ."

"ಎಲ್ಲರ ಕೊಳೆನೂ ಹೀಗೇ ಗುಡಿಸ್ತೀರಾ?"

"ಇಲ್ರಿ." ಅವನು ತಲೆ ತಗ್ಗಿಸಿದ. "ನಿಮ್ಮದಷ್ಟ. ಬಂದ ದಿನದಿಂದ ಮನಸಿನಾಗ ನೀವ ಇದ್ದೀರಿ."

ಕೌಸಲ್ಯಾ ರಾಜೀನಾಮೆಯನ್ನು ಹರಿದು ಹಾಕಿದಳು. ಕೀಬೋರ್ಡಿನತ್ತ ಬಾಗಿ, ಅವನನ್ನೇ ಕೇಳಿ ಕೇಳಿ, ತನ್ನ ಹೆಸರಿನ ಪಕ್ಕದ ಆ ಪದದ ಮೊದಲ ಅಕ್ಷರ ಅಳಿಸಿದಳು.

OLE.

ಅಣವೀರಪ್ಪನಿಗೆ ಈ ಸಲ ಗಾಬರಿ. "ಇದು ಓಲೆನೋ... ಒಲಿನೋ?"

"ಎರಡೂ. ಓಲೆ ನೀವು ನಮ್ಮಪ್ಪನಿಗೆ ಬರೀರಿ. ಒಲೆ... ಆಮೇಲೆ ನಮ್ಮಿಬ್ಬರ ಮನೇಲಿ ಸೇರಿ ಹಚ್ಚೋಣ."