ನಲವತ್ನಾಲ್ಕನೆಯವನ ಹಾಜರಿ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಇಬ್ಬರು ಗಂಡಸರು ಮೂರನೆಯವನೊಬ್ಬನ ಕೊರಳಪಟ್ಟಿ ಹಿಡಿದು ಠಾಣೆಯ ಮೆಟ್ಟಿಲು ಹತ್ತಿಸಿದರು. ಎಳೆದು ತಂದವರ ಮೈಮೇಲೆ ಒಂದೇ ಬಗೆಯ ಹಳದಿ ಟೀ ಶರ್ಟು. ಎದೆಯ ಮೇಲೆ ‘ಇಪ್ಪತ್ತೈದು ವರ್ಷ, ಇನ್ನೂ ಹುಡುಗರೇ’ ಎಂದು ಅಚ್ಚಾಗಿತ್ತು. ಹುಡುಗರ ಹೊಟ್ಟೆ ಆ ಅಕ್ಷರಗಳನ್ನು ಆಚೀಚೆ ಎಳೆದಿತ್ತು. ಅವರ ಹಿಂದೆ, ಅದೇ ಶರ್ಟು ತೊಟ್ಟ ಸಣಕಲನೊಬ್ಬ ಎಲ್ಲರ ಚೀಲಗಳನ್ನೂ ಹೊತ್ತುಕೊಂಡು ಬಂದ.

“ಬರ್ಕೊಳ್ಳಿ ಇನ್‌ಸ್ಪೆಕ್ಟ್ರೇ, ಕೊಲೆ. ಮಾಡಿದವನು ಇವನೇ,” ಎಂದ ಮುಂದಿನವನು. ಅವನು ಹಲ್ಲಿನ ಡಾಕ್ಟರು. “ನಿಮಗೇನೂ ಕೆಲಸ ಉಳಿಸಿಲ್ಲ ನಾವು.”

“ಉಪಕಾರ ಆಯ್ತು. ಮೊದಲು ಅವನ ಕೊರಳು ಬಿಡಿ,” ಎಂದ ಇನ್‌ಸ್ಪೆಕ್ಟರ್. “ಠಾಣೆಯೊಳಗೆ ಹಿಡಿಯೋ ಕೆಲಸ ನಮ್ಮದು.”

ದೂರಿನ ಸಾರ ಇಷ್ಟು. ಕಾಲೇಜಿನಲ್ಲಿ ಒಟ್ಟಿಗೆ ಓದಿದ ನಾಲ್ವರು ಶನಿವಾರ ಸಂಜೆ ಜಲಾಶಯದ ದಂಡೆಯಲ್ಲಿ ಟೆಂಟು ಹಾಕಿ ತಂಗಿದ್ದರು: ಹಲ್ಲಿನ ಡಾಕ್ಟರು, ಒಬ್ಬ ವಕೀಲ, ಒಬ್ಬ ಶಾಲಾ ಪ್ರಯೋಗಾಲಯದ ಸಹಾಯಕ, ಮತ್ತು ಲಿಫ್ಟ್ ಕಂಪನಿಯೊಂದರ ಮಾರಾಟ ಮುಖ್ಯಸ್ಥ. ಈ ಕೊನೆಯವನನ್ನು ಕಾಲೇಜಿನ ದಿನಗಳಿಂದಲೂ ಎಲ್ಲರೂ ‘ಲೀಡರ್’ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಂಟೂವರೆಗೆ ಲೀಡರ್ ಟೆಂಟುಗಳ ಹಿಂದಿನ ಬಂಡೆಯ ಬುಡದಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಅವನ ಕೈಗಡಿಯಾರ ಶಿಬಿರದ ಕಾವಲುಗಾರನ ಜೇಬಿನಲ್ಲಿ ಸಿಕ್ಕಿತ್ತು. ಕಾವಲುಗಾರನೆಂದರೆ ಕೊರಳಪಟ್ಟಿ ಹಿಡಿಸಿಕೊಂಡು ಬಂದ ಈ ಅರವತ್ತರ ಮುದುಕ. ಅವನ ಕೆಳತುಟಿ ಒಡೆದಿತ್ತು.

“ತುಟಿ ಯಾರು ಒಡೆದಿದ್ದು?”

“ಎಡವಿ ಬಿದ್ದ,” ಎಂದ ವಕೀಲ.

“ಕಾನೂನು ಓದಿದವರು ಹೇಳಿದ ಮೇಲೆ ಸರಿ.” ಇನ್‌ಸ್ಪೆಕ್ಟರ್ ಮುದುಕನತ್ತ ತಿರುಗಿದ. “ಗಡಿಯಾರ?”

“ಬೆಂಕಿ ಹಾಕಿದ್ ಜಾಗದ ಪಕ್ಕ ಬಿದ್ದಿತ್ತು ಸ್ವಾಮಿ. ಚಹಾ ತಗೊಂಡ್ ಹೋಗಿದ್ದೆ. ಎದ್ ಮೇಲೆ ಕೊಡೋಣ ಅಂತ ಎತ್ತಿಟ್ಕೊಂಡೆ.”

“ಎಲ್ಲಾ ಕಳ್ಳರೂ ಇದನ್ನೇ ಹೇಳೋದು,” ಎಂದ ಡಾಕ್ಟರು. “ನಿನ್ನೆ ಸಂಜೆ ಲೀಡರ್ ಇವನನ್ನ ಶಿಳ್ಳೆ ಹಾಕಿ ಕರೆದಿದ್ದಕ್ಕೆ ‘ನಾನೇನ್ ನಾಯಿ ಅಲ್ಲ’ ಅಂದ ಸಾರ್! ಅವನ ಕಣ್ಣು ನೋಡ್ಬೇಕಿತ್ತು.”

“ಶಿಳ್ಳೆ ಹಾಕಿ ಕರೆದರಾ?”

“ತಮಾಷೆಗೆ.”

ಇನ್‌ಸ್ಪೆಕ್ಟರ್ ಅವನನ್ನು, ಅಂಗಡಿಯಲ್ಲಿ ಒತ್ತಿ ನೋಡಿ ವಾಪಸಿಡುವ ಹಣ್ಣನ್ನು ನೋಡುವಂತೆ, ಒಂದು ಸಲ ನೋಡಿದ. ಒಂಬತ್ತು ನಲವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಕಾವಲುಗಾರನ ಹೆಸರು ಶಂಕಿತನ ಕಾಲಂನಲ್ಲಿ ಬಿತ್ತು.

ಹತ್ತಕ್ಕೆ ಅವನ ಹೆಂಡತಿ ಉಸಿರು ಕಟ್ಟಿಕೊಂಡು ಬಂದಳು. ಅಳಲಿಲ್ಲ, ನೇರ ಮುಖ್ಯಪೇದೆಯ ಮೇಜಿಗೆ ನಡೆದಳು.

“ಶಿಬಿರ ನಡೆಸೋ ಮೇಸ್ತ್ರಿ ಫೋನ್ ಮಾಡಿದ್ರು ಅಕ್ಕಾ. ಕೇಸು ಇವರ ಮೇಲೇ ಅಂತಾದ್ರೆ ಸಂಜೆಯೊಳಗೆ ನಮಗೆ ಕೊಟ್ಟಿರೋ ಕೋಣೆ ಖಾಲಿ ಮಾಡ್ಬೇಕಂತೆ, ನಾಳೆಯಿಂದ ಬೇರೆ ಕಾವಲುಗಾರ ಅಂತೆ. ಹತ್ತೊಂಬತ್ತು ವರ್ಷ ಕಾದಿದಾರೆ ಆ ನೀರನ್ನ.”

ಮುಖ್ಯಪೇದೆ ಇಪ್ಪತ್ತೆರಡು ವರ್ಷ ಸರ್ವಿಸು ಮಾಡಿದ ಹೆಂಗಸು. ಬೆಂಚಿನಲ್ಲಿ ಗಂಡನ ಪಕ್ಕ ಜಾಗ ತೋರಿಸಿದಳು. “ಸಂಜೆ ಇನ್ನೂ ದೂರ ಇದೆಯಮ್ಮಾ. ಕೂತ್ಕೊ.”

ಹತ್ತು ನಲವತ್ತಕ್ಕೆ ಸ್ಥಳ ಪಂಚನಾಮೆ ಆರಂಭವಾಯಿತು. ಸಾಲಾಗಿ ನಾಲ್ಕು ಟೆಂಟು. ಗೊರಕೆಯ ಜಗಳ ಬೇಡವೆಂದು ತಲೆಗೊಂದರಂತೆ. ಆರಿದ ಬೆಂಕಿ, ಒಂಬತ್ತು ಬಾಟಲಿ, ಬೆಲೆಚೀಟಿ ಇನ್ನೂ ಕೀಳದ ನಾಲ್ಕು ಮಡಚುಕುರ್ಚಿ. ಹಿಂದೆ ಇಪ್ಪತ್ತೆರಡು ಅಡಿಯ ಬಂಡೆ. ಅದರ ಆಚೆ ಬದಿಯ ಬುಡ ಶಿಬಿರದಿಂದ ಕಾಣುತ್ತಿರಲಿಲ್ಲ. ಪಂಚರಿಬ್ಬರ ಮುಂದೆ ಅಳತೆ ಹಿಡಿದು, ಫೋಟೋ ತೆಗೆದು, ಶವವನ್ನು ಸಾಗಿಸಲಾಯಿತು.

“ಕೊನೆಯ ಸಲ ಜೀವಂತ ನೋಡಿದ್ದು ಯಾವಾಗ?” ಎಂದು ಇನ್‌ಸ್ಪೆಕ್ಟರ್ ಡಾಕ್ಟರನ್ನು ಕೇಳಿದ.

“ನೋಡಿದ್ದು ರಾತ್ರಿ ಹನ್ನೊಂದೂವರೆ, ಮಲಗೋ ಹೊತ್ತು. ಕೇಳಿದ್ದು ಬೆಳಿಗ್ಗೆ ಆರು. ಹಾಜರಿಯಲ್ಲಿ.”

“ಏನು ಹಾಜರಿ?”

“ನಮ್ಮ ಪದ್ಧತಿ ಸಾರ್. ಎಲ್ಲಿ ತಂಗಿದ್ರೂ ಎದ್ದ ತಕ್ಷಣ, ಹಾಸಿಗೆ ಬಿಡೋಕೆ ಮುಂಚೆ, ಕಾಲೇಜಿನ ರೋಲ್ ನಂಬರ್ ಕೂಗ್ತೀವಿ. ನಲವತ್ತೊಂದು ನಾನು. ಎರಡು ವಕೀಲ, ಮೂರು ಪಿಪೆಟ್, ನಾಲ್ಕು ಲೀಡರ್. ನಾಲ್ಕೂ ಜನ ‘ಎಸ್ ಸಾರ್’ ಅಂದ್ವಿ. ವಕೀಲ ಕ್ಲಾಸಿನ ಗ್ರೂಪಿಗೆ ಹಾಕೋಕೆ ಅಂತ ಟೆಂಟಿನ ಬಾಯಲ್ಲಿ ಕೂತು ವಿಡಿಯೋನೂ ಮಾಡಿದಾನೆ.”

“ಪಿಪೆಟ್ ಅಂದ್ರೆ?”

ಡಾಕ್ಟರು ಗದ್ದದಿಂದಲೇ ಪ್ರಯೋಗಾಲಯದ ಸಹಾಯಕನನ್ನು ತೋರಿಸಿದ. “ಅವನೇ. ಲ್ಯಾಬಲ್ಲಿರೋ ಸಣಕಲು ಗಾಜಿನ ಕೊಳವೆ. ನೋಡಿ, ಹೆಸರು ಸರಿಯಾಗೇ ಇದೆ.”

ಮುಂದಿನದನ್ನು ವಕೀಲ ಹೇಳಿದ. ಆರೂಕಾಲಕ್ಕೆ ಅವರು ಮೂವರೂ ದೋಣಿಗಟ್ಟೆಗೆ ಸೂರ್ಯೋದಯ ನೋಡಲು ಹೋದರು. ಲೀಡರ್ ಹಾಜರಿ ಹೇಳಿ ಮತ್ತೆ ಮಲಗುವವನಾದ್ದರಿಂದ ಎಬ್ಬಿಸಲಿಲ್ಲ. ಎಂಟರವರೆಗೂ ಮೂವರೂ ಒಟ್ಟಿಗಿದ್ದರು, ದೋಣಿಯವನು ಸಾಕ್ಷಿ. ಆ ಹೊತ್ತಿನಲ್ಲಿ ಶಿಬಿರಕ್ಕೆ ಬಂದವನು ಕಾವಲುಗಾರ ಒಬ್ಬನೇ.

“ಸಾಕ್ಷಿ ಪಟ್ಟಿಗೆ ಪಿಪೆಟ್‌ನ ಪೂರ್ತಿ ಹೆಸರು ಹೇಳಿ.”

ವಕೀಲ ಡಾಕ್ಟರನ್ನು ನೋಡಿದ. ಡಾಕ್ಟರು ಆಕಾಶ ನೋಡಿದ. ಕೊನೆಗೆ ಸಹಾಯಕನೇ ಹತ್ತಿರ ಬಂದು, ಪೆನ್ನು ಇಸಿದುಕೊಂಡು, ತಾನೇ ಬರೆದುಕೊಟ್ಟ.

ಸಂಜೆ ನಾಲ್ಕು ಇಪ್ಪತ್ತಕ್ಕೆ ಆಸ್ಪತ್ರೆಯ ವೈದ್ಯೆ ಫೋನ್ ಮಾಡಿದಳು.

“ಸತ್ತಿದ್ದು ರಾತ್ರಿ ಹನ್ನೆರಡರಿಂದ ಎರಡರೊಳಗೆ.”

“ಆರು ಗಂಟೆಗೆ ‘ಎಸ್ ಸಾರ್’ ಅಂದಿದಾನಂತೆ ಮೇಡಂ.”

“ಅಂದಿದ್ರೆ ನನ್ನ ಡಿಗ್ರಿ ವಾಪಸ್ ಕೊಟ್ಟುಬಿಡ್ತೀನಿ. ಆ ಮೈ ಆರು ಗಂಟೆಗೆ ಕಟ್ಟಿಗೆ ಆಗಿತ್ತು.”

ರಾತ್ರಿಯ ಲೆಕ್ಕವನ್ನು ಜಲಾಶಯದ ಮುಖ್ಯ ಗೇಟಿನ ಪುಸ್ತಕ ತೀರಿಸಿತು. ಹತ್ತೂವರೆಯಿಂದ ಐದರವರೆಗೆ ಕಾವಲುಗಾರ ಮೂರು ಕಿಲೋಮೀಟರ್ ದೂರದ ಆ ಗೇಟಿನಲ್ಲಿ ಪಾಳಿ ಮಾಡಿದ್ದ, ಗಂಟೆಗೊಮ್ಮೆ ಸಹಿ ಹಾಕಿದ್ದ; ಜೊತೆಗಿದ್ದ ಕಾವಲಿನವನು ಹೌದೆಂದ. ಆದರೆ ಸತ್ತವನು ಬೆಳಿಗ್ಗೆ ಹಾಜರಿ ಹೇಳಿದ್ದಾನೆ ಎಂಬ ಮಾತು ನಿಂತಿರುವ ತನಕ ಯಾವ ವಕೀಲನಾದರೂ ಮುದುಕನನ್ನು ಮತ್ತೆ ಕಟಕಟೆಗೆ ಎಳೆದು ತಂದಾನು. ಬೆಂಚಿನ ಮೇಲೆ ಹೆಂಡತಿ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ವಿಡಿಯೋ ಹಾಕಿಸಿದ. ಮೂವತ್ತೆರಡು ಸೆಕೆಂಡು. ಮುಚ್ಚಿದ ಮೂರು ಟೆಂಟು, ಡಾಕ್ಟರನ ಕೂಗು, ನಾಲ್ಕು ಉತ್ತರ, ವಕೀಲನ ಕಿಸಿಕಿಸಿ ನಗು. ಮುಖ್ಯಪೇದೆ ಕಣ್ಣು ಮುಚ್ಚಿ ಮೂರು ಸಲ ಕೇಳಿದಳು.

“ಸಾರ್, ಕೊನೆಯ ಎರಡು ಉತ್ತರ ಒಂದೇ ಟೆಂಟಿಂದ ಬಂದಿವೆ. ದನಿ ಬೇರೆ, ಬಂದ ಜಾಗ ಒಂದೇ.”

ಡಾಕ್ಟರನನ್ನು ಕರೆಸಿ ಕೇಳಿದಾಗ ಅವನು ಹಣೆ ಚಚ್ಚಿಕೊಂಡ. “ಅಯ್ಯೋ, ಪ್ರಾಕ್ಸಿ! ಕಾಲೇಜಲ್ಲಿ ಲೀಡರ್ ಕ್ಲಾಸಿಗೆ ಬಂದಿದ್ದೇ ಕಮ್ಮಿ. ಮೂರು ವರ್ಷ ಅವನ ಹಾಜರಿ ಹೇಳಿದ್ದು ಪಿಪೆಟ್ಟೇ. ದನಿ ಹಂಗೇ ತೆಗೀತಿದ್ದ, ಒಬ್ಬ ಲೆಕ್ಚರರ್ರಿಗೂ ಗೊತ್ತಾಗ್ತಿರಲಿಲ್ಲ.”

“ಇದನ್ನ ಬೆಳಿಗ್ಗೆ ಯಾಕೆ ಹೇಳಲಿಲ್ಲ?”

“ಹೊಳೀಲೇ ಇಲ್ಲ ಸಾರ್. ಪಿಪೆಟ್ ಬಗ್ಗೆ ಯಾರು ಯೋಚನೆ ಮಾಡ್ತಾರೆ?”

“ಒಬ್ಬ ಮುದುಕನ ತುಟಿ ಒಡೆಯೋಕೆ ಮಾತ್ರ ತಕ್ಷಣ ಹೊಳೀತು. ಆಚೆ ಕೂತಿರಿ. ಕುರ್ಚಿ ಬೇಡ, ನಿಂತೇ ಇರಿ.”

ಐದು ಗಂಟೆ ಐದು ನಿಮಿಷಕ್ಕೆ ಸಹಾಯಕನನ್ನು ಒಳಗೆ ಕರೆಸಲಾಯಿತು. ಅವನು ಚೀಲಗಳನ್ನು ಜೋಪಾನವಾಗಿ ಗೋಡೆಗೊರಗಿಸಿ ಕೂತ.

“ಲೀಡರ್ ನಂಬರಿಗೆ ಉತ್ತರ ಕೊಟ್ಟಿದ್ದು ನೀವಾ?”

“ಹೌದು ಸಾರ್. ಅಭ್ಯಾಸ. ಅವನು ತಡವಾಗಿ ಏಳೋನು, ಹೇಳ್ಬಿಟ್ಟೆ.”

“ಅಷ್ಟೇ?”

“ಅಷ್ಟೇ ಸಾರ್.”

ಉತ್ತರದಲ್ಲಿ ತಪ್ಪಿರಲಿಲ್ಲ. ಇನ್‌ಸ್ಪೆಕ್ಟರ್ ಬೆನ್ನನ್ನು ಕುರ್ಚಿಗೆ ಒರಗಿಸಿದ. “ಭಾರಿ ವಿದ್ಯೆ ಅಂತೆ ನಿಮ್ದು. ಮೂರು ವರ್ಷ ಒಂದು ಸಲಾನೂ ಸಿಕ್ಕಿಬೀಳ್ಲಿಲ್ವಾ?”

ಆ ದಿನ ಮೊದಲ ಬಾರಿಗೆ ಅವನ ಮುಖಕ್ಕೆ ಬಣ್ಣ ಬಂತು. ಅವನ ಕೆಲಸದ ಬಗ್ಗೆ ಯಾರಾದರೂ ಕೇಳಿ ವರ್ಷಗಳೇ ಆಗಿದ್ದಿರಬೇಕು.

“ಒಂದು ಸಲಾನೂ ಇಲ್ಲ ಸಾರ್. ಎಲ್ರೂ ದನಿ ಮುಖ್ಯ ಅನ್ಕೋತಾರೆ. ದನಿ ಅಲ್ಲ, ಕಾಯೋದು ಮುಖ್ಯ. ನಂಬರ್ ಕೂಗಿದ ಮೇಲೆ ಒಂದು ಉಸಿರು ಕಾಯ್ಬೇಕು. ಅಸಲಿ ಮನುಷ್ಯ ಹಿಂದಿನ ಬಾಗಿಲಿಂದ ಬಂದು ಕೂತಿದ್ರೆ? ಇಬ್ರೂ ಒಟ್ಟಿಗೆ ‘ಎಸ್ ಸಾರ್’ ಅಂದ್ರೆ ಇಬ್ರೂ ಕೆಟ್ಟೆವು. ಅದಕ್ಕೇ ಒಂದು ಉಸಿರು. ಜಾಸ್ತಿ ಕಾದ್ರೆ ಲೆಕ್ಚರರ್ ತಲೆ ಎತ್ತುತಾರೆ.”

“ಯಾವತ್ತೂ ಕಾಯದೇ ಹೇಳಿದ್ದಿಲ್ವಾ?”

“ಅವನು ಊರಲ್ಲೇ ಇಲ್ಲ ಅಂತ ಖಚಿತ ಇದ್ದಾಗ ಮಾತ್ರ.”

ಮುಖ್ಯಪೇದೆ ಬಾಗಿಲ ಬಳಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಫೋನನ್ನು ಮೇಜಿನ ಮೇಲಿಟ್ಟು ವಿಡಿಯೋ ಹಾಕಿದ. ನಲವತ್ತೊಂದು, ಉತ್ತರ. ನಲವತ್ತೆರಡು, ನಗು, ಉತ್ತರ. ನಲವತ್ಮೂರು, ಸ್ವಲ್ಪ ತಡೆದು ಉತ್ತರ. ನಲವತ್ನಾಲ್ಕು ಎಂಬ ಮಾತು ಡಾಕ್ಟರನ ಬಾಯಿಂದ ಪೂರ್ತಿ ಹೊರಬೀಳುವ ಮೊದಲೇ ‘ಎಸ್ ಸಾರ್.’

ಸಹಾಯಕ ಇನ್ನೊಮ್ಮೆ ಹಾಕುವಂತೆ ಕೈಸನ್ನೆ ಮಾಡಿದ. ಎರಡನೆಯ ಸಲ, ತನ್ನದೇ ಕೆಲಸದಲ್ಲಿ ತಪ್ಪು ಕಂಡವನಂತೆ, ಹುಬ್ಬು ಗಂಟಿಕ್ಕಿ ಕೇಳಿದ.

“ಕಾಯಲಿಲ್ಲ ನಾನು,” ಎಂದ.

“ಇಲ್ಲ.”

“ನಂಬರ್ ಕಿವಿಗೆ ಬಿತ್ತು, ಬಾಯಿ ತೆರೀತು. ಏನೂ ಯೋಚನೆ ಮಾಡಿರಲಿಲ್ಲ ಸಾರ್. ಆಮೇಲೆ ಆ ಅಜ್ಜನ ಕೊರಳು ಹಿಡಿದಾಗಲೇ, ಇದರಿಂದ ನನಗೆ ಉಪಯೋಗ ಆಯ್ತು ಅಂತ ಗೊತ್ತಾಗಿದ್ದು.”

“ಗೊತ್ತಾದ ಮೇಲೆ ಸುಮ್ಮನೆ ನಿಂತ್ರಿ.”

ಅವನು ಫೋನನ್ನು ಮೇಜಿನ ಆಚೆ ಬದಿಗೆ ಸರಿಸಿದ.

ಆರು ಗಂಟೆಗೆ ಕೊಲೆ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಲಾಯಿತು. ಅವನೇ ಮುಂದೆ ನಡೆದು ತೋರಿಸಿದ ಜೊಂಡಿನ ನಡುವೆ, ಪಂಚರ ಸಮಕ್ಷಮ, ಲೀಡರ್‌ನ ಟಾರ್ಚು ಸಿಕ್ಕಿತು. ಬಂಡೆ ಇಳಿಯುವ ಮುಂಚೆ ಅವನು ಎಸೆದಿದ್ದ. ಬಂಡೆಯ ಮೇಲಿನ ಹಸಿರು ಪಾಚಿ ಅವನ ಚೀಲದೊಳಗಿನ ಪ್ಯಾಂಟಿನ ಮೊಣಕಾಲಿಗೂ ಹತ್ತಿತ್ತು. ಅದನ್ನು ತೊಳೆಯಲು ಹೊತ್ತೆಲ್ಲಿತ್ತು? ದಿನವಿಡೀ ಮಿಕ್ಕವರ ಚೀಲ ಹೊತ್ತಿದ್ದ.

ಇನ್‌ಸ್ಪೆಕ್ಟರ್ ಮೇಸ್ತ್ರಿಗೆ ತಾನೇ ಫೋನ್ ಮಾಡಿದ. “ನಿಮ್ಮ ಕಾವಲುಗಾರನ ಮೇಲೆ ಕೇಸಿಲ್ಲ. ಕೋಣೆ, ಕೆಲಸ ಎರಡೂ ಇದ್ದ ಹಾಗೇ ಇರ್ಲಿ. ಇಲ್ಲಾಂದ್ರೆ ಪಂಚನಾಮೆಗೆ ಇನ್ನೊಂದು ಸಲ ಬರ್ತೀನಿ, ನಿಮ್ಮ ಆಫೀಸಿಂದ ಶುರು ಮಾಡ್ತೀನಿ.” ಮುದುಕ ದಂಪತಿ ಮೆಟ್ಟಿಲಿಳಿದರು. ನಿಂತೇ ಇದ್ದ ಹಳದಿ ಶರ್ಟಿನವರಿಬ್ಬರೂ ಫೋನಿನೊಳಗೆ ಮುಖ ಹುದುಗಿಸಿದರು.

“ನೀವಿಬ್ರೂ ನಾಳೆ ಹತ್ತು ಗಂಟೆಗೆ ಬನ್ನಿ,” ಎಂದಳು ಮುಖ್ಯಪೇದೆ. “ಆ ತುಟಿಯ ಲೆಕ್ಕ ಬಾಕಿ ಇದೆ.”

“ಅದು ಎಡವಿ...” ಎಂದ ವಕೀಲ.

“ಹತ್ತು ಗಂಟೆಗೆ.”

ಹೇಳಿಕೆಯನ್ನು ಸೋಮವಾರ ಬೆಳಿಗ್ಗೆ ಬರೆದುಕೊಳ್ಳಲಾಯಿತು. ಕೊನೆಯ ವರ್ಷದಲ್ಲಿ ಲೀಡರ್ ಒಂದು ಪತ್ರಿಕೆ ದಾಟಲಾರದೆ ಕೂತಿದ್ದ. ಹಾಲ್ ಟಿಕೆಟ್ಟಿನ ಫೋಟೋ ಮಸುಕಾಗಿತ್ತು. ಸಹಾಯಕ ಅವನ ಜಾಗದಲ್ಲಿ ಕೂತು ಬರೆದುಕೊಟ್ಟ. ಅದೇ ಬೆಳಿಗ್ಗೆ ಅವನದೇ ಒಂದು ಪ್ರವೇಶ ಪರೀಕ್ಷೆ ಇತ್ತು. ಮುಂದಿನ ವರ್ಷ ಬರೆದರಾಯಿತು ಬಿಡೋ ಎಂದಿದ್ದ ಲೀಡರ್. ಮುಂದಿನ ವರ್ಷದ ಹೊತ್ತಿಗೆ ತಂದೆ ತೀರಿಕೊಂಡಿದ್ದರು, ಇಬ್ಬರು ತಂಗಿಯರಿದ್ದರು, ಶಾಲೆಯ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುವ ಕೆಲಸ ಸಿಕ್ಕಿತ್ತು. ಇಪ್ಪತ್ತೈದು ವರ್ಷ ಅವನು ಅದರ ಮಾತೆತ್ತಲಿಲ್ಲ. ಲೀಡರ್‌ಗೆ ನೆನಪಿದೆ, ಹೇಳಿಕೊಳ್ಳಲು ಅವನಿಗೂ ಸಂಕೋಚ ಎಂದೇ ತಿಳಿದಿದ್ದ.

ಆ ರಾತ್ರಿ ಮಿಕ್ಕಿಬ್ಬರು ಮಲಗಿದ ಮೇಲೆ, ಬಂಡೆಯ ಮೇಲೆ, ಮೊದಲ ಬಾರಿಗೆ ಹೇಳಿದ. ಲೀಡರ್ ಟಾರ್ಚು ಅವನ ಮುಖಕ್ಕೆ ಹಿಡಿದು ನೋಡಿದ.

“‘ಅದು ನೀನಾ? ನಾನು ಇಷ್ಟು ವರ್ಷ ವಕೀಲ ಅನ್ಕೊಂಡಿದ್ದೆನಲ್ಲೋ!’ ಅಂದ ಸಾರ್. ನಕ್ಕ. ಟಾರ್ಚು ನನ್ನ ಕೈಗೆ ಕೊಟ್ಟು, ‘ಹಿಡ್ಕೋ’ ಅಂತ ಉಚ್ಚೆ ಹೊಯ್ಯೋಕೆ ಬಂಡೆಯ ಅಂಚಿನ ಕಡೆ ತಿರುಗಿದ.”

ಬರೆದುಕೊಂಡ ಪೇದೆ ಹೇಳಿಕೆಯನ್ನು ಓದಿ ಹೇಳಿದ. ಸಹಾಯಕ ತಲೆ ತಗ್ಗಿಸಿ ಕೇಳಿದ. ಕೊಲೆಯ ಸಾಲುಗಳಿಗೆ ಹೌದೆಂದು ತಲೆಯಾಡಿಸಿದ. ಪರೀಕ್ಷೆಯ ಸಾಲಿಗೆ ಬಂದಾಗ ಬೆರಳೆತ್ತಿದ.

“ಲೀಡರ್ ಪತ್ರಿಕೆಗೆ ಅರವತ್ತೊಂದು ಮಾರ್ಕ್ಸು ಅಂತ ಬರೆದಿದೀರಿ ಸಾರ್. ಬಂದಿದ್ದು ಎಪ್ಪತ್ತೊಂದು.”

ಇನ್‌ಸ್ಪೆಕ್ಟರ್ ಪೇದೆಯ ಕೈಯಿಂದ ಹಾಳೆ ತೆಗೆದುಕೊಂಡ. ಆ ಅಂಕಿಯನ್ನು ಹೊಡೆದುಹಾಕಿ, ಮೇಲೆ ಎಪ್ಪತ್ತೊಂದು ಎಂದು ಬರೆದು, ತಿದ್ದಿದ ಜಾಗದಲ್ಲಿ ಸಹಿ ಹಾಕಲು ಪೆನ್ನನ್ನು ಅವನ ಕಡೆ ತಿರುಗಿಸಿದ.