ಧೂಳಿಲ್ಲದ ಸಿಪಿಯು

ಸಂಜೆ ನಾಲ್ಕೂ ಹತ್ತು. ಮನೆಗಳ ಒಳವಿನ್ಯಾಸ ಮಾಡುವವನ ಮಾನಿಟರ್ ಕಪ್ಪಾಗಿತ್ತು. ಸಿಪಿಯುವಿನ ಫ್ಯಾನ್ ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು, ಪರದೆಯ ಮೇಲೆ ಮಾತ್ರ ‘ನೋ ಸಿಗ್ನಲ್’. ಐದೂವರೆಗೆ ವಿಡಿಯೋ ಕಾಲ್‌ನಲ್ಲಿ ಗಿರಾಕಿಗೆ ತಾನು ಕಂಪ್ಯೂಟರಿನಲ್ಲಿ ಕಟ್ಟಿದ ಇಡೀ ಮನೆ ತಿರುಗಿಸಿ ತೋರಿಸಬೇಕಿತ್ತು. ಸ್ವಂತವಾಗಿ ಕೆಲಸ ಶುರುಮಾಡಿದ ಮೇಲೆ ಸಿಕ್ಕ ಮೊದಲ ದೊಡ್ಡ ಗಿರಾಕಿ. ಇವತ್ತು ತಪ್ಪಿದರೆ ಬೇರೆಯವರ ಪಾಲು.

ರಿಪೇರಿಯವಳು ಫೋನಿನಲ್ಲೇ ವಿಚಾರಿಸಿದಳು. “ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹಾಕಿದೀರಲ್ವಾ?”

“ಹೂಂ.”

“ಒಳಗೆ ಕೈ ಹಾಕಿದ್ರಾ?”

“ಇಲ್ವಲ್ಲ.”

ಹಸಿ ಸುಳ್ಳು. ಮಾರನೆಯ ದಿನ ಅವಳು ಸರ್ವಿಸ್‌ಗೆ ಬರುವವಳಿದ್ದಳು. ಹೋದ ಸಲ ಸಿಪಿಯು ಬಿಚ್ಚಿ, ಒಳಗಿನ ಧೂಳು ನೋಡಿ, ಒಂದು ಹುಬ್ಬು ಮೇಲೇರಿಸಿ ನಕ್ಕಿದ್ದಳು. ಆ ಹುಬ್ಬು ಅವನ ನಿದ್ದೆ ಕೆಡಿಸಿತ್ತು. ಈ ಸಲ ಹಾಗಾಗಬಾರದೆಂದು, ನೆಂಟರು ಬರುವ ಮುಂಚೆ ಮನೆ ಗುಡಿಸುವವರಂತೆ, ಮಧ್ಯಾಹ್ನ ಪರದೆಗೆ ಚಿತ್ರ ಕಳಿಸುವ ಆ ಕಾರ್ಡನ್ನೂ ಬಿಚ್ಚಿ ಒರೆಸಿ ಮತ್ತೆ ಹಾಕಿದ್ದ.

ಅರ್ಧ ಗಂಟೆಯಲ್ಲಿ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಬೇರೆ ಕೇಬಲ್ ಹಾಕಿದಳು. ಕಪ್ಪು. ತಾನು ತಂದಿದ್ದ ಪುಟ್ಟ ಮಾನಿಟರ್ ಜೋಡಿಸಿದಳು. ಅದೂ ಕಪ್ಪು.

“ಕಾರ್ಡನ್ನ ಹೋದ ಸಲ ನಾನೇ ಭದ್ರವಾಗಿ ಕೂರಿಸಿದ್ದೆ. ನೀವು ಮುಟ್ಟಿಲ್ಲ ಅಂದ್ಮೇಲೆ ಅದೇ ಸುಟ್ಟಿರಬೇಕು. ಅಂಗಡಿಯಿಂದ ಬೇರೆ ತರ್ತೀನಿ.”

“ಎಷ್ಟೊತ್ತಾಗುತ್ತೆ?”

“ಹೋಗಿ ಬರೋಕೆ ಒಂದು ಗಂಟೆ.”

ಅವನು ಗಡಿಯಾರ ನೋಡಿದ: ನಾಲ್ಕೂ ಮುಕ್ಕಾಲು. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಗಿರಾಕಿ. ಅವಳು ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು.

“ನಿಲ್ಲಿ. ಮಧ್ಯಾಹ್ನ ಕಾರ್ಡ್ ಬಿಚ್ಚಿ ಒರೆಸಿದ್ದೆ.”

“ಯಾಕೆ ಸ್ವಾಮಿ? ನಾಳೆ ನಾನೇ ಬರ್ತಿದ್ನಲ್ಲ?”

“ಅದಕ್ಕೇ.”

ಅವಳ ಕಾಲು ಅರ್ಧ ಚಪ್ಪಲಿಯಲ್ಲೇ ನಿಂತಿತು.

ಒಳಕೋಣೆಯಿಂದ ಅವನ ಅಕ್ಕ ಕೂಗಿದಳು: “ಹಲ್ಲುಜ್ಜೋ ಬ್ರಶ್ ಹಿಡ್ಕೊಂಡು ಮೂಲೆಮೂಲೆ ಉಜ್ಜಿದಾನೆ ತಾಯಿ! ಹುಟ್ಟಿದಾಗಿಂದ ಒಂದು ತಟ್ಟೆ ತೊಳೆದವನಲ್ಲ!”

“ಅಕ್ಕಾ, ಸುಮ್ನಿರೇ!”

ರಿಪೇರಿಯವಳು ತುಟಿ ಕಚ್ಚಿ ನಗು ತಡೆದಳು. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ತೆಗೆದಳು. ಒಳಗೆಲ್ಲ ಫಳಫಳ. ಕಾರ್ಡಿನ ಒಂದು ತುದಿ ಮಾತ್ರ ಸ್ಲಾಟಿನಿಂದ ಕೂದಲೆಳೆಯಷ್ಟು ಮೇಲೆದ್ದಿತ್ತು. ಹೊರತೆಗೆದು, ನೇರಮಾಡಿ ಒತ್ತಿದಳು. ಟಕ್ ಎಂದಿತು. ಸ್ಕ್ರೂ ಬಿಗಿದು ಸ್ವಿಚ್ ಹಾಕಿದಳು.

ಪರದೆ ಇನ್ನೂ ಕಪ್ಪು. ಅವನು ಅದನ್ನೇ ನೋಡುತ್ತಿದ್ದ.

“ಇನ್ಮೇಲೆ ಒರೆಸಬೇಡಿ,” ಎಂದಳು, ಮಾನಿಟರಿನಿಂದ ಕಣ್ಣು ತೆಗೆಯದೆ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ. “ಧೂಳಿಲ್ದೇ ಇದ್ರೆ ನಾನು ಯಾವ ನೆಪ ಹೇಳ್ಕೊಂಡು ಬರ್ಲಿ?”

ಅವನು ಅವಳತ್ತ ತಿರುಗಿದ. ಪರದೆ ಬೆಳಗಿದ್ದು ಅವನಿಗೆ ಕಾಣಲೇ ಇಲ್ಲ.

“ರೀ, ಆ ಕಡೆ ನೋಡಿ. ಟೈಮಾಯ್ತು.”

ಐದೂವರೆಗೆ ಗಿರಾಕಿಯ ಕರೆ ಬಂತು. ಅಡುಗೆಮನೆ ಇಕ್ಕಟ್ಟಾಯಿತು ಎಂದರು, ಉಳಿದದ್ದಕ್ಕೆಲ್ಲ ಒಪ್ಪಿದರು. ಕರೆ ಮುಗಿಯುವವರೆಗೂ ಅವಳು ಅವನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.