ಸಂಕವ್ವನ ಮೂರು ಹಿಡಿ ಹೂವು

ಬಹಳ ಬಹಳ ಹಿಂದೆ ನೊರೆಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಮನೆಮನೆಯಲ್ಲೂ ಬೀರು ಕಾಯಿಸುತ್ತಿದ್ದರು. ಅರಮನೆಯಲ್ಲೂ ಕಾಯಿಸುತ್ತಿದ್ದರು, ಆದರೆ ರಾಣಿಯ ಕೈಗುಣ ಅಷ್ಟಕ್ಕಷ್ಟೇ. ರಾಜ ಊಟವಾದ ಮೇಲೆ ಹಿತ್ತಿಲ ಬಾಗಿಲಿನಿಂದ ಹೋಗಿ ಲಾಯದವನ ಮನೆಯಲ್ಲಿ ಕುಡಿದು ಬರುತ್ತಿದ್ದ. ಇದು ಊರಿಗೆಲ್ಲ ಗೊತ್ತಿತ್ತು, ರಾಣಿಯೊಬ್ಬಳನ್ನು ಬಿಟ್ಟು.

ಬೀರು ಅಂದರೆ ಸುಮ್ಮನಲ್ಲ. ಮೊಳಕೆ ಬರಿಸಿದ ಜವೆಗೋಧಿಯ ಸಿಹಿ ರಸ ಕುದಿಯುವಾಗ ಹಾಪ್ ಬಳ್ಳಿಯ ಹಸಿರು ಹೂವನ್ನು ಮೂರು ಹಿಡಿ ಹಾಕಬೇಕು. ಮೊದಲ ಹಿಡಿ, ಉಕ್ಕಿದ ನೊರೆ ಇಳಿದ ಕೂಡಲೇ. ಅದು ಬಹಳ ಹೊತ್ತು ಕುದಿದು ಕಹಿ ಕೊಡುತ್ತದೆ. ಎರಡನೆಯದು, ಅದಾಗಿ ಎರಡು ಗಳಿಗೆಗೆ. ಅದು ರುಚಿ. ಮತ್ತೆ ಅರ್ಧ ಗಳಿಗೆ ಬಿಟ್ಟು, ಪಾತ್ರೆ ಇಳಿಸುವಾಗ ಮೂರನೆಯದು. ಅದು ಘಮ. ಹೊತ್ತು ಅಳೆಯಲು ಎಲ್ಲರ ಮನೆಯಲ್ಲೂ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ಒಂದು ಗಳಿಗೆಗೆ ಸರಿಯಾಗಿ ಮುಳುಗಿ, ತಳಕ್ಕೆ ಬಡಿದು ಟಣ್ ಅನ್ನುತ್ತಿತ್ತು.

ಊರ ಪಕ್ಕದ ಗುಡ್ಡದಲ್ಲಿ ಕಂಟಕಾಕ್ಷ ಎಂಬ ಮಾಂತ್ರಿಕನಿದ್ದ. ಯಾರ ಮುಂದೆಯೂ ‘ದಮ್ಮಯ್ಯ’ ಅನ್ನದಿರುವವರೆಗೆ ಅವನ ಮಂತ್ರ ಫಲಿಸುತ್ತದೆ ಅಂತ ವರ. ಅವನೇಕೆ ಅಂದಾನು? ಬೇಕಾದ್ದನ್ನು ಕಿತ್ತುಕೊಂಡೇ ಅಭ್ಯಾಸ. ಈ ಟಣ್ ಟಣ್‌ನಿಂದ ತನ್ನ ಮಧ್ಯಾಹ್ನದ ನಿದ್ದೆ ಕೆಟ್ಟಿತು ಅಂತ ಒಂದು ದಿನ ರಾಜ್ಯದ ಬಟ್ಟಲುಗಳನ್ನೆಲ್ಲ ಪುಡಿ ಮಾಡಿದ.

ಅಲ್ಲಿಗೆ ಎಲ್ಲರ ಬೀರೂ ಕೆಟ್ಟಿತು. ಒಂದು ಮನೆಯದು ಬೇವಿನ ಕಷಾಯ, ಇನ್ನೊಂದು ಮನೆಯದು ಬರೀ ಗಂಜಿ. ಮಾಡಿದವನು ತಾನೇ, ಊರಿನಿಂದ ಕಿತ್ತುತಂದ ಬೀರು ಬಾಯಿಗಿಡಲಾಗದೆ ಸಿಟ್ಟು ಬಂದಿದ್ದೂ ಅವನಿಗೇ! “ಬೀರು ಕೆಡಿಸಿದ ಮನೆಯ ಗಂಡಸು ಟಗರಾಗಲಿ” ಎಂದು ಶಪಿಸಿದ. ಒಂದೇ ವಾರದಲ್ಲಿ ಮೂವತ್ತು ಟಗರು ಗುಡ್ಡ ಹತ್ತಿದವು. ಮೂವತ್ತನೆಯದು ಸಂಕವ್ವನ ಗಂಡ ಬೊಮ್ಮಣ್ಣ.

ಈ ಸಂಕವ್ವ ಎಂಥವಳು ಗೊತ್ತೇ? ಅವಳ ಬಾಯಿಗೆ ಬೀಗವಿಲ್ಲ. ಬೀರು ಕಾಯಿಸುವಾಗ ನೆರೆಯವರನ್ನು ಕೂರಿಸಿಕೊಂಡು ಊರಿನ ಗುಟ್ಟುಗಳನ್ನೆಲ್ಲ ಬಿಚ್ಚುವಳು. ಗಂಡ ಟಗರಾದ ಮೇಲೆ ಮಾತ್ರ ಮೂರು ದಿನ ಮಾತಿಲ್ಲದೆ ಕೂತಳು. ನಾಲ್ಕನೆಯ ದಿನ ಬೆಳಿಗ್ಗೆ ತಟ್ಟನೆ ಹೊಳೆಯಿತು: ಇಪ್ಪತ್ತು ವರ್ಷ ಬಟ್ಟಲಿನ ಮುಂದೆ ಹೇಳಿದ ಸುದ್ದಿ, ಯಾವುದು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತನ್ನ ನಾಲಿಗೆಗೇ ಗೊತ್ತಲ್ಲ! ಪಾತ್ರೆ, ಹೂವಿನ ಬುಟ್ಟಿ ಹೊತ್ತು ಗುಡ್ಡ ಹತ್ತಿ, ‘ಬೀರು ಸರಿಯಾಗಿ ಕಾಯಿಸಿ ಕೊಡ್ತೀನಿ, ಗಂಡನನ್ನು ಬಿಡಿ’ ಎಂದಳು.

“ನನ್ನ ಕಣ್ಣ ಮುಂದೆಯೇ ಕಾಯಿಸು” ಎಂದ ಮಾಂತ್ರಿಕ. “ರಸ ಮೂಸಿದರೆ ಸಾಕು, ನನಗೆ ತಿಳಿಯುತ್ತೆ. ಸರಿ ಬಂತೋ, ಗಂಡನನ್ನು ಕರಕೊಂಡು ಹೋಗು. ಹೊತ್ತು ತಪ್ಪಿತೋ, ಇವತ್ತು ನನಗೆ ಟಗರಿನ ಸಾರು.”

ಗೂಟಕ್ಕೆ ಕಟ್ಟಿದ್ದ ಬೊಮ್ಮಣ್ಣ ಬ್ಯಾ ಅಂದ.

“ಸುಮ್ನಿರ್ರಿ, ನಾನಿದ್ದೀನಿ” ಎಂದಳು ಸಂಕವ್ವ.

ಒಲೆ ಹತ್ತಿತು. ಉರಿ ಹೆಚ್ಚಿಸಿ ಕೆಡಿಸಲೆಂದು ಮಾಂತ್ರಿಕ ಸಾಕಿದ, ಬೆಂಕಿಯುಗುಳುವ ಓತಿಕ್ಯಾತ ಬಂದು ಕೂತಿತು. ಸಂಕವ್ವ ಚಿಕ್ಕ ಸುದ್ದಿ ತೆಗೆದಳು: ಮೀಸೆಗೆ ಕಾಡಿಗೆ ಬಳಿಯುತ್ತಿದ್ದ ದಳವಾಯಿಯದು. ಅವನ ಹೆಂಡತಿಯ ಕೆನ್ನೆ ಬೆಳ್ಳಗೆ, ಅಡುಗೆಯವಳ ಬಲಗೆನ್ನೆ ಮಾತ್ರ ಕಪ್ಪಗೆ! ಓತಿಕ್ಯಾತ ಬೆಂಕಿಯುಗುಳುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೇಳಿತು. ಸುದ್ದಿ ಮುಗಿಯಿತು, ನೊರೆ ಇಳಿಯಿತು, ಮೊದಲ ಹಿಡಿ ಬಿತ್ತು.

ಹೂವಿನ ಬುಟ್ಟಿ ಕದಿಯಲು ಮಾಂತ್ರಿಕನ ಎರಡು ತಲೆಯ ಕಾಗೆ ಬಂತು. ಸಂಕವ್ವ ಉದ್ದನೆಯದನ್ನು ತೆಗೆದಳು: ರಾಜನ ನಾದಿನಿ ಮೂರು ಸಲ ಓಡಿಹೋಗಿದ್ದು, ಮೂರು ಸಲವೂ ವೇಷ ಮರೆಸಿಕೊಂಡ ತನ್ನ ಗಂಡನ ಜೊತೆಗೇ ಓಡಿಹೋಗಿದ್ದು. “ತಪ್ಪು ಅವಳದೇ” ಎಂದಿತು ಒಂದು ತಲೆ. “ಛೀ, ಅವನದು” ಎಂದಿತು ಇನ್ನೊಂದು. ಎರಡೂ ಕುಕ್ಕಾಡಿಕೊಂಡು ಬುಟ್ಟಿ ಮರೆತವು. ಸರಿಯಾಗಿ ಎರಡು ಗಳಿಗೆ. ಎರಡನೆಯ ಹಿಡಿ ಬಿತ್ತು.

ಆಗ ಕಂಟಕಾಕ್ಷ ತಾನೇ ಬಂದು ಒಲೆಯೆದುರು ಕೂತ. ಸಂಕವ್ವ ದನಿ ತಗ್ಗಿಸಿದಳು.

“ಯಾರಿಗೂ ಹೇಳಬೇಡಿ ಸ್ವಾಮಿ. ಮಂತ್ರಿಯ ಮನೆ ಕಣಜದಲ್ಲಿ ದಿನಾ ಮಧ್ಯಾಹ್ನ ಯಾರೋ ಬಿಕ್ಕಳಿಸೋರು. ಮಂತ್ರಿಗೆ ಹೆಂಡತಿ ಮೇಲೆ ಅನುಮಾನ.”

“ಇರಬೇಕಾದ್ದೇ. ಅವಳ ನಗು ನೋಡಿದ್ದೀನಿ” ಎಂದು ಮಾಂತ್ರಿಕ ಹತ್ತಿರ ಸರಿದ.

“ಒಂದಿನ ಅವನು ಕತ್ತಿ ಹಿಡಕೊಂಡು ಬಂದ. ಹೆಂಡತಿ ಕಾಲು ಹಿಡಕೊಂಡಳು. ಅವನು ಕೇಳಲಿಲ್ಲ. ಕಣಜದ ಮುಚ್ಚಳ ಎತ್ತಿ ನೋಡ್ತಾನೆ…”

ಅಷ್ಟಕ್ಕೆ ಅರ್ಧ ಗಳಿಗೆ ಆಯಿತು. ಸಂಕವ್ವ ಪಾತ್ರೆ ಇಳಿಸಿ, ಮೂರನೆಯ ಹಿಡಿ ಹಾಕಿ, ಮುಚ್ಚಿ, ತುಟಿಯ ಮೇಲೆ ಬೆರಳಿಟ್ಟಳು. ಮೂರನೆಯ ಹಿಡಿ ಹಾಕಿದವರು ಪಾತ್ರೆ ತಣ್ಣಗಾಗುವವರೆಗೆ ಬಾಯಿ ಬಿಟ್ಟರೆ ಘಮ ಹಾರಿಹೋಗುತ್ತದೆ ಅಂತ ನೊರೆಪುರದ ಪದ್ಧತಿ.

“ಒಳಗೆ ಯಾರಿದ್ರು?” ಎಂದ ಮಾಂತ್ರಿಕ.

ಸಂಕವ್ವ ಪಾತ್ರೆ ತೋರಿಸಿದಳು.

“ಹೇಳ್ತೀಯೋ, ಕಪ್ಪೆ ಮಾಡಲೋ?”

ಕಪ್ಪೆಯಾದರೆ ಹೇಳುವವರಾರು? ಅದು ಅವನಿಗೂ ಹೊಳೆಯಿತು. ಚಿನ್ನ, ಬೆಳ್ಳಿ, ಹೊಲ, ಗದ್ದೆ ಏನನ್ನಾದರೂ ಕಿತ್ತುಕೊಳ್ಳಬಹುದು. ಹೊಟ್ಟೆಯೊಳಗಿನ ಸುದ್ದಿಯನ್ನು ಕಿತ್ತುಕೊಳ್ಳುವುದು ಹೇಗೆ? ಪಾತ್ರೆ ಸುತ್ತ ಮೂರು ಸುತ್ತು ಬಂದ. ಊದಿ ನೋಡಿದ. ಪಾತ್ರೆ ಸುಡುತ್ತಲೇ ಇತ್ತು. ಕೊನೆಗೆ ಸಂಕವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಮುಗಿದ.

“ದಮ್ಮಯ್ಯ, ನನ್ನ ತಾಯಿ! ಒಳಗೆ ಯಾರಿದ್ರು ಹೇಳೇ!”

ಗುಡ್ಡ ಗುಡುಗಿತು. ಮಾಂತ್ರಿಕನ ಗಡ್ಡ ಉದುರಿತು. ಓತಿಕ್ಯಾತದ ಬೆಂಕಿ ಆರಿತು, ಕಾಗೆಗೆ ಒಂದೇ ತಲೆ ಉಳಿಯಿತು. ಮೂವತ್ತು ಟಗರುಗಳೂ ಗಂಡಸರಾಗಿ ಎದ್ದು ನಿಂತವು; ಬಾಯಲ್ಲಿ ಹುಲ್ಲು, ಮೈಮೇಲೆ ನೂಲಿಲ್ಲ. ಯಾರು ಯಾರು ಹೇಗೆ ಕಂಡರು ಅನ್ನುವುದನ್ನು ಆ ರಾಜ್ಯದ ಹೆಂಗಸರು ವರ್ಷಗಟ್ಟಲೆ ಮಾತಾಡಿದರು.

ಬೊಮ್ಮಣ್ಣ ಹೆಂಡತಿಯ ಸೆರಗನ್ನೇ ಸೊಂಟಕ್ಕೆ ಸುತ್ತಿಕೊಂಡು, “ದಳವಾಯಿಯ ಅಡುಗೆಯವಳದು ಎಡಗೆನ್ನೆ ಕಣೇ, ಬಲಗೆನ್ನೆ ಅಂದೆಯಲ್ಲ” ಎಂದ. ಸಂಕವ್ವ ಪಾತ್ರೆ ತಣ್ಣಗಾಗುವವರೆಗೆ ಉತ್ತರ ಕೊಡಲಿಲ್ಲ. ಆಮೇಲೆ ಕೊಟ್ಟಳು: “ಅಷ್ಟು ಹತ್ತಿರದಿಂದ ನೀವ್ಯಾವಾಗ ನೋಡಿದ್ರಿ?”

ರಸಕ್ಕೆ ಹೆಪ್ಪು ಹಾಕಿ ಇಟ್ಟರು. ಹದಿನೈದು ದಿನಕ್ಕೆ ಬೀರು ಬಂತು. ಮೂಗಿಗೆ ಘಮ, ನಾಲಿಗೆಗೆ ರುಚಿ, ಗಂಟಲಲ್ಲಿ ಹದವಾದ ಕಹಿ. ರಾಣಿಯೂ ಬಂದು ಕುಡಿದಳು. ಲಾಯದವನ ಮನೆಯಲ್ಲಿ ರಾಜನಿಗೊಂದು ಲೋಟ ಯಾವಾಗಲೂ ತೆಗೆದಿಟ್ಟಿರುತ್ತದೆ ಅನ್ನುವ ಸುದ್ದಿ ಅವತ್ತೇ ಅವಳ ಕಿವಿಗೂ ಬಿತ್ತು. ನೀರು ಹೊರುವ ಕೆಲಸಕ್ಕೆ ಸೇರಿದ್ದ ಕಂಟಕಾಕ್ಷ ಬೋಳು ಗಲ್ಲ ಸವರಿಕೊಳ್ಳುತ್ತ ಹತ್ತಿರ ಬಂದ.

“ಸಂಕಮ್ಮೋರೆ, ಆ ಕಣಜದೊಳಗೆ…?”

“ಮಂತ್ರಿಯ ತಾಯಿ ಕಣೋ. ಸೊಸೆ ಕಾಯಿಸಿದ ಬೀರು ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳೋಕಾಗದೆ, ಕದ್ದು ಕುಡೀತಿದ್ದಳು.”

“ಅಷ್ಟೇನಾ? ಇದಕ್ಕಾ ನಾನು ಮಂತ್ರ ಕಳಕೊಂಡಿದ್ದು!”

ಸಂಕವ್ವ ಅವನ ಕೈಗೂ ಒಂದು ಲೋಟ ಕೊಟ್ಟಳು. ಅವನು ಕುಡಿದ, ಮೂಸಿದ, ಮತ್ತೆ ಕುಡಿದ. “ಇದಕ್ಕಾದ್ರೆ ಇನ್ನೊಂದು ಸಲ ದಮ್ಮಯ್ಯ ಅನ್ನಬಹುದು” ಎಂದ.

ನೊರೆಪುರದವರು ಹೊಸ ಬಟ್ಟಲು ಮಾಡಿಸಲೇ ಇಲ್ಲ. ಸುದ್ದಿಗೆ ಬರವಿಲ್ಲದ ಆ ಊರಲ್ಲಿ ಹೊತ್ತು ಒಮ್ಮೆಯೂ ತಪ್ಪಲಿಲ್ಲ. ಎಲ್ಲರೂ ಕುಡಿದು, ನಕ್ಕು, ಸುಖವಾಗಿ ಬಾಳಿದರು.